ದಿಂಬಿನ ಬಲಗಡೆ

ಆ ಆಸ್ಪತ್ರೆಯ ಹಿರಿಯ ಸರ್ಜನ್ನರಿಗೆ ಎದುರಿಗೆ ‘ಸರ್’ ಎಂದೂ ಬೆನ್ನ ಹಿಂದೆ ‘ಹನ್ನೆರಡು ನಿಮಿಷ’ ಎಂದೂ ಹೆಸರಿತ್ತು. ಎರಡನೆಯ ಹೆಸರು ತಮಗೆ ಗೊತ್ತೇ ಇಲ್ಲವೆಂಬಂತೆ ಅವರು ನಟಿಸುತ್ತಿದ್ದರು. ಆದರೆ ಅದು ಕಿವಿಗೆ ಬಿದ್ದಾಗಲೆಲ್ಲ ಒಳಗೊಳಗೇ ಉಬ್ಬಿಹೋಗುತ್ತಿದ್ದರು. ಇಪ್ಪತ್ತು ವರ್ಷದ ಹಿಂದೆ ಒಂದು ಅಪೆಂಡಿಕ್ಸನ್ನು ಹನ್ನೆರಡೇ ನಿಮಿಷದಲ್ಲಿ ತೆಗೆದು ಟ್ರೇಗೆ ಹಾಕಿದ್ದರಂತೆ. ಗಡಿಯಾರ ನೋಡಿದವರು ಯಾರು ಎಂದರೆ ಅವರೇ. ಆ ಹನ್ನೆರಡು ನಿಮಿಷದಲ್ಲಿ ಹೊಲಿಗೆ ಹಾಕಿದ ಹೊತ್ತು ಸೇರಿರಲಿಲ್ಲ ಎಂಬುದನ್ನು ಇಪ್ಪತ್ತು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಈಗ ಅದನ್ನು ತಾವೇ ಕಂಡಕಂಡವರಿಗೆಲ್ಲ ಹೇಳಿಕೊಂಡು ನಗುತ್ತಾರೆ. ತಮ್ಮನ್ನು ನೋಡಿ ತಾವೇ ನಗುವುದನ್ನು ಕಲಿಯಲು ಅವರಿಗೆ ಹತ್ತಿರಹತ್ತಿರ ಅರವತ್ತು ವರ್ಷ ಹಿಡಿಯಿತು.

ಕಲಿತದ್ದು ಹೀಗೆ. ಆಸ್ಪತ್ರೆಗೆ ಮಾನ್ಯತೆ ಬೇಕಿತ್ತು. ಹೊರಗಿನಿಂದ ಪರಿಶೀಲಕರು ಬಂದು, ಮೂಲೆ ಮೂಲೆ ನೋಡಿ, ಇಲ್ಲಿ ರೋಗಿಗಳು ಕ್ಷೇಮವಾಗಿರುತ್ತಾರೆ ಎಂದು ಒಪ್ಪಿದರೆ ಒಂದು ಪ್ರಮಾಣಪತ್ರ ಸಿಗುತ್ತದೆ. ಕಟ್ಟು ಹಾಕಿಸಿ ಮುಂಬಾಗಿಲಲ್ಲಿ ತೂಗುಹಾಕಬಹುದು. ಅದಕ್ಕೊಂದು ರೋಗಿ ಸುರಕ್ಷತಾ ಸಮಿತಿ ಆಗಬೇಕು, ಸಮಿತಿಗೊಬ್ಬ ಅಧ್ಯಕ್ಷ ಬೇಕು. ಆರಿಸುವ ದಿನ ಡಾಕ್ಟರು ಮೀಟಿಂಗಿಗೆ ಚಕ್ಕರ್ ಹೊಡೆದಿದ್ದರು. ಬಾರದವರ ಹೆಸರನ್ನೇ ಬರೆದುಕೊಳ್ಳುವುದು ಲೋಕದ ಎಲ್ಲ ಮೀಟಿಂಗುಗಳ ಪದ್ಧತಿಯಾದ್ದರಿಂದ ಅವರೇ ಅಧ್ಯಕ್ಷರಾದರು.

ಇದರಲ್ಲಿ ಒಂದು ತಮಾಷೆಯಿತ್ತು. ಆಪರೇಷನ್ನಿಗೆ ಮುಂಚೆ ಎಲ್ಲರೂ ಒಂದು ಕ್ಷಣ ಕೈ ನಿಲ್ಲಿಸಿ, ರೋಗಿ ಯಾರು, ಆಪರೇಷನ್ ಯಾವುದು, ಯಾವ ಕಡೆ ಎಂದು ಗಟ್ಟಿಯಾಗಿ ಹೇಳಿಕೊಳ್ಳಬೇಕೆಂಬ ಚೆಕ್‌ಲಿಸ್ಟನ್ನು ಇಡೀ ಆಸ್ಪತ್ರೆಯಲ್ಲಿ ಅತಿ ಹೆಚ್ಚು ಲೇವಡಿ ಮಾಡಿದವರು ಇವರೇ. ವಿಮಾನ ಓಡಿಸುವವರೂ ಹೀಗೆಯೇ ಪಟ್ಟಿ ಓದುತ್ತಾರೆ ಎಂದು ಯಾರೋ ಹೇಳಿದಾಗ, ತಾನು ನೆಲದ ಮೇಲೆ ನಿಂತು ಕೆಲಸ ಮಾಡುವವನು, ಬಿದ್ದರೂ ಅಷ್ಟು ಎತ್ತರದಿಂದ ಬೀಳುವುದಿಲ್ಲ ಎಂದಿದ್ದರು. ಸೋಮವಾರ ಬೆಳಿಗ್ಗೆ ಕೂತು ಇಡೀ ವಾರದ ಚೆಕ್‌ಲಿಸ್ಟುಗಳಿಗೆ ಒಟ್ಟಿಗೇ ಸಹಿ ಜಡಿದುಬಿಡುತ್ತಿದ್ದರು. ಇನ್ನೂ ಆಸ್ಪತ್ರೆಗೇ ಬಾರದ ರೋಗಿಗಳ ಆಪರೇಷನ್ ಸುಸೂತ್ರವಾಗಿ ಮುಗಿಯಿತೆಂದು ಸೋಮವಾರವೇ ದಾಖಲಾಗಿರುತ್ತಿತ್ತು.

ಅಧ್ಯಕ್ಷರಾದ ಮೇಲೆ ಮಾತ್ರ ವರಸೆ ಬದಲಾಯಿತು. ನಿವೃತ್ತಿಗೆ ಐದು ತಿಂಗಳಿತ್ತು. ಮುಂಬಾಗಿಲಲ್ಲಿ ತೂಗುವ ಆ ಕಾಗದದ ಕೆಳಗೆ, ಎಡ ಮೂಲೆಯಲ್ಲಿ, ಸಮಿತಿಯ ಅಧ್ಯಕ್ಷರ ಸಹಿ ಇರುತ್ತದೆ ಎಂದು ಗುಣಮಟ್ಟ ವಿಭಾಗದ ಮೇಡಂ ಒಮ್ಮೆ ಮಾತಿನ ನಡುವೆ ಹೇಳಿದ್ದರು. ತಾನು ಹೋದ ಮೇಲೂ ತನ್ನ ಸಹಿ ಅಲ್ಲಿರುತ್ತದೆ, ಒಳಗೆ ಬರುವವರೆಲ್ಲ ಅದರ ಕೆಳಗೇ ಹಾದು ಬರಬೇಕು ಎಂಬ ಯೋಚನೆ ಅವರ ತಲೆಯಲ್ಲಿ ಹೊಕ್ಕು ಕೂತಿತು. ಬಿಳಿ ಹಾಳೆಯ ಮೇಲೆ ಸಹಿಯನ್ನು ಸ್ವಲ್ಪ ದೊಡ್ಡದಾಗಿ ಹಾಕಿ ಹಾಕಿ ನೋಡಿದ್ದೂ ಉಂಟು. ಬೇರೇನೂ ಬೇಡ, ಅದೊಂದು ಆಗಿಬಿಟ್ಟರೆ ಸಾಕಿತ್ತು.

ಪರಿಶೀಲಕರು ಒಂದು ಆಪರೇಷನ್ನನ್ನು ಪಕ್ಕದಲ್ಲಿ ನಿಂತು ನೋಡುತ್ತಾರೆ ಎಂದು ತಿಳಿದ ದಿನವೇ ಡಾಕ್ಟರು ತಾಲೀಮು ಶುರು ಮಾಡಿಸಿದರು. ಯಾವ ಆಪರೇಷನ್ ತೋರಿಸುವುದು ಎಂದು ಮೊದಲು ತೀರ್ಮಾನವಾಯಿತು: ಒಂದು ಹರ್ನಿಯಾ, ತೊಡೆಸಂದಿನದು. ಚಿಕ್ಕದು, ಚೊಕ್ಕದು, ರಕ್ತ ಹೆಚ್ಚು ಕಾಣುವುದಿಲ್ಲ. ಆ ದಿನಕ್ಕೆ ಪಟ್ಟಿಯಲ್ಲಿದ್ದ ಒಬ್ಬರಿಗೆ ಬಲಗಡೆ ಹರ್ನಿಯಾ ಇತ್ತು. ಅವರ ಬದಲಿಗೆ ಟೇಬಲ್ ಮೇಲೆ ಒಂದು ದಿಂಬು ಮಲಗಿಸಿ, ದಿನಾ ಮಧ್ಯಾಹ್ನ ಹನ್ನೊಂದು ದಿನ ತಾಲೀಮು ನಡೆಯಿತು. ಪರಿಶೀಲಕರು ನಿಲ್ಲುವ ಜಾಗಕ್ಕೆ ನೆಲದ ಮೇಲೆ ಹಸಿರು ಪಟ್ಟಿ ಅಂಟಿಸಿದರು. ಅಲ್ಲಿಂದ ಎಲ್ಲರ ಮುಖ ಚೆನ್ನಾಗಿ ಕಾಣಬೇಕೆಂದು ಡಾಕ್ಟರು ದಿಂಬಿನ ಬಲಕ್ಕೆ, ಸಿಸ್ಟರ್ ಎದುರಿಗೆ, ಟ್ರಾಲಿ ಕಾಲ ಹತ್ತಿರ ಎಂದು ನೆಲಕ್ಕೆ ಗುರುತು ಹಾಕಿ ಗೊತ್ತು ಮಾಡಿದರು.

ಸಿಸ್ಟರ್ ಎಂದರೆ ಥಿಯೇಟರಿನ ಹಿರಿಯ ಸಿಸ್ಟರ್. ಇಪ್ಪತ್ತಾರು ವರ್ಷದಿಂದ ಡಾಕ್ಟರು ಕೈ ಚಾಚಿದರೆ ಬೇಕಾದ ಉಪಕರಣ ಆ ಕೈಯಲ್ಲಿರುತ್ತಿತ್ತು. ಕೇಳುವ ಮುಂಚೆಯೇ ಕೊಡುತ್ತಿದ್ದುದರಿಂದ ಡಾಕ್ಟರು ಕೇಳುವುದನ್ನೇ ಬಿಟ್ಟಿದ್ದರು. ತಾಲೀಮಿನಲ್ಲಿ ಸಿಸ್ಟರ್ ಒಪ್ಪಿಗೆ ಪತ್ರ ಹಿಡಿದು ದಿಂಬಿನ ಹೆಸರು ಓದುತ್ತಿದ್ದರು. ಆಮೇಲೆ ‘ಹರ್ನಿಯಾ, ಬಲಗಡೆ’ ಎನ್ನುತ್ತಿದ್ದರು. ಡಾಕ್ಟರು ಎದೆ ಸೆಟೆದು ‘ಬಲಗಡೆ, ಒಪ್ಪಿದೆ’ ಎನ್ನುತ್ತಿದ್ದರು. ತಲೆಯ ಬಳಿ ಸ್ಟೂಲಿನ ಮೇಲೆ ಕೂರುವ ಅರಿವಳಿಕೆ ಡಾಕ್ಟರು ಕಣ್ಣು ತೆರೆದು ‘ಬಲಗಡೆ, ಒಪ್ಪಿದೆ’ ಎಂದು ಮತ್ತೆ ಮುಚ್ಚುತ್ತಿದ್ದರು. ಒಂಬತ್ತನೇ ದಿನ ಕ್ಯಾಂಟೀನಿನಲ್ಲಿ ಚಹಾ ಬೇಕೋ ಕಾಫಿ ಬೇಕೋ ಎಂದು ಕೇಳಿದ್ದಕ್ಕೆ ಅವರು ‘ಬಲಗಡೆ’ ಎಂದುಬಿಟ್ಟರು. ಎಲ್ಲರೂ ಬಿದ್ದುಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ನಮ್ಮ ಅಧ್ಯಕ್ಷರು.

ಮನೆಯಲ್ಲೂ ಊಟಕ್ಕೆ ಕೂತಾಗ ಅವರು ತಮ್ಮ ಮಾತನ್ನು ಹೇಳಿಕೊಳ್ಳುತ್ತಿದ್ದರು. ಹೆಂಡತಿ ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದವರು. ಅವರು ಒಂದು ರಾತ್ರಿ ಊಟ ಬಡಿಸುತ್ತ ತಮ್ಮ ಕಥೆಯೊಂದನ್ನು ಹೇಳಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಗೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ಮಕ್ಕಳಿಗೆ ಉತ್ತರಗಳನ್ನು ಗಿಳಿಪಾಠ ಮಾಡಿಸಿದ್ದರಂತೆ. ಯಾವ ಬೆಂಚಿನವರು ಯಾವ ಉತ್ತರ ಹೇಳಬೇಕೆಂದೂ ಗೊತ್ತು ಮಾಡಿದ್ದರಂತೆ. ಇನ್‌ಸ್ಪೆಕ್ಟರ್ ಮೊದಲ ಬೆಂಚಿನ ಹುಡುಗಿಯ ಹೆಸರು ಕೇಳಿದರೆ ಅವಳು ಎದ್ದು ನಿಂತು, ‘ನೂರ ನಲವತ್ತನಾಲ್ಕು’ ಎಂದಳಂತೆ. ಡಾಕ್ಟರಿಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು. ಮುಂದೇನಾಯಿತು ಎಂದು ಕೇಳಲೂ ಇಲ್ಲ. ಮಕ್ಕಳ ಮಾತು ಬೇರೆ, ನಾವು ಡಾಕ್ಟರುಗಳು ಎಂದು ನೀರು ಕುಡಿದು ಕೈ ತೊಳೆದರು.

ಇನ್ನೊಂದು ತೊಡಕಿತ್ತು. ತಪ್ಪುಗಳನ್ನು ಬರೆದಿಡುವ ಒಂದು ಪುಸ್ತಕ ಆಸ್ಪತ್ರೆಯಲ್ಲಿರಬೇಕು. ಆದ ತಪ್ಪು, ಆಗಬೇಕಿದ್ದು ಕೂದಲೆಳೆಯಲ್ಲಿ ತಪ್ಪಿದ್ದು, ಎರಡನ್ನೂ ಬರೆಯಬೇಕು. ಮೂರು ವರ್ಷದಿಂದ ಆ ಪುಸ್ತಕ ಖಾಲಿಯಿತ್ತು. ಖಾಲಿಯಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಡಾಕ್ಟರು ಬೀಗಿದರು. ಗುಣಮಟ್ಟದ ಮೇಡಂ, ಅವರ ಮಗಳ ವಯಸ್ಸಿನವರು, ತಾಳ್ಮೆಯಿಂದ ತಿಳಿಸಿ ಹೇಳಿದರು: ಖಾಲಿ ಪುಸ್ತಕ ನೋಡಿದರೆ ಪರಿಶೀಲಕರು ಇಲ್ಲಿ ತಪ್ಪೇ ಆಗುವುದಿಲ್ಲ ಎಂದುಕೊಳ್ಳುವುದಿಲ್ಲ, ಇಲ್ಲಿ ಯಾರೂ ಬಾಯಿ ಬಿಡುವುದಿಲ್ಲ ಎಂದುಕೊಳ್ಳುತ್ತಾರೆ. ಅದನ್ನು ಕೇಳಿದ ಅಧ್ಯಕ್ಷರು ಸಂಜೆ ಚಹಾದ ಹೊತ್ತಿಗೆ ಬಾಗಿಲು ಹಾಕಿಕೊಂಡು ಕೂತು ಮೂರು ತಪ್ಪುಗಳನ್ನು ಸೃಷ್ಟಿ ಮಾಡಿದರು. ನೆಲ ಒರೆಸಿದವರು ಎಚ್ಚರಿಕೆ ಫಲಕ ಇಟ್ಟಿರಲಿಲ್ಲ, ಆದರೆ ಯಾರೂ ಜಾರಲಿಲ್ಲ. ಅಡುಗೆಮನೆಯವರು ಒಬ್ಬರ ಊಟ ಇನ್ನೊಬ್ಬರಿಗೆ ಕೊಟ್ಟರು, ಆದರೆ ತುತ್ತು ಬಾಯಿಗೆ ಹೋಗುವ ಮುಂಚೆ ಗೊತ್ತಾಯಿತು. ವಾರ್ಡಿನ ಗಡಿಯಾರ ಹತ್ತು ನಿಮಿಷ ಹಿಂದಿತ್ತು. ಬೇರೆ ಬೇರೆ ದಿನ ಬರೆದಂತೆ ಕಾಣಲೆಂದು ಮೂರಕ್ಕೂ ಮೂರು ಪೆನ್ನು ಬಳಸಿದರು. ತಪ್ಪು ಮಾಡಿದವರಲ್ಲಿ ಕಸ ಗುಡಿಸುವವರಿದ್ದರು, ಅಡುಗೆಯವರಿದ್ದರು, ಒಂದು ಗಡಿಯಾರವೂ ಇತ್ತು. ಡಾಕ್ಟರು ಒಬ್ಬರೂ ಇರಲಿಲ್ಲ.

ಪರಿಶೀಲನೆಯ ಹಿಂದಿನ ದಿನ ಬಲಗಡೆ ಹರ್ನಿಯಾದವರಿಗೆ ಕೆಮ್ಮು ಜ್ವರ ಬಂತು. ಅರಿವಳಿಕೆ ಡಾಕ್ಟರು ಬೇಡವೆಂದರು. ಪಟ್ಟಿಯಲ್ಲಿ ಮುಂದಿದ್ದವರೂ ಹರ್ನಿಯಾದವರೇ, ಆದರೆ ಎಡಗಡೆಯದು. ಎಡವೋ ಬಲವೋ, ಅಷ್ಟೇ ತಾನೆ, ಮಿಕ್ಕಿದ್ದೆಲ್ಲ ಅದೇ ಎಂದು ಅಧ್ಯಕ್ಷರು ಧೈರ್ಯ ಹೇಳಿದರು.

ಹೊಸ ರೋಗಿ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಬೆಳಿಗ್ಗೆ ಡಾಕ್ಟರು ವಾರ್ಡಿಗೆ ಹೋಗಿ, ನಿಯಮದ ಪ್ರಕಾರ ತಾವೇ ಗುರುತು ಹಾಕಬೇಕಾದ್ದರಿಂದ, ಯಾವ ಕಡೆ ಎಂದು ಕೇಳಿದರು. ಮೇಷ್ಟ್ರು ಎಡಗಡೆ ಕೈಯಿಟ್ಟು, ಬೆಳಗಿನಿಂದ ಸಂಜೆಯವರೆಗೆ ಎಡ ಬಲ ಹೇಳುವುದೇ ತಮ್ಮ ಕಸುಬು, ಅದರಲ್ಲಿ ತಾವು ತಪ್ಪುವುದಿಲ್ಲ ಎಂದರು. ಡಾಕ್ಟರು ನಕ್ಕು ಎಡಗಡೆ ಬಾಣದ ಗುರುತು ಬರೆದರು. ಬರೆದದ್ದು ತಮ್ಮ ಜೇಬಿನ ಜೆಲ್ ಪೆನ್ನಿನಿಂದ. ಔಷಧಿ ಹಚ್ಚಿ ತೊಳೆದರೂ ಹೋಗದ ವಿಶೇಷ ಮಾರ್ಕರ್ ಪೆನ್ನೊಂದನ್ನು ಇದಕ್ಕೆಂದೇ ತರಿಸಿದ್ದರು. ಆದರೆ ಅದನ್ನು ಪರಿಶೀಲಕರಿಗೆ ತೋರಿಸಲು ಪ್ಯಾಕೆಟ್ ಸಮೇತ ಟ್ರೇಯಲ್ಲಿಟ್ಟು ‘ಪರಿಶೀಲನೆಗಾಗಿ, ಮುಟ್ಟಬಾರದು’ ಎಂದು ಚೀಟಿ ಅಂಟಿಸಿಯಾಗಿತ್ತು. ಆ ಚೀಟಿ ಬರೆದವರೂ ಅಧ್ಯಕ್ಷರೇ.

ಪರಿಶೀಲಕರು ನಿವೃತ್ತ ಸರ್ಜನ್, ಸಣಕಲು ಮನುಷ್ಯ. ಏನು ಹೇಳಿದರೂ ‘ಹೂಂ’ ಎಂದಷ್ಟೇ ಹೇಳುವವರು. ಆ ‘ಹೂಂ’ನಲ್ಲಿ ಮೆಚ್ಚುಗೆಯಿದೆಯೋ ಅನುಮಾನವಿದೆಯೋ ತಿಳಿಯದೆ ಬೆಳಿಗ್ಗೆಯಿಂದ ಎಲ್ಲರ ಜೀವ ಕೈಯಲ್ಲಿತ್ತು. ಹತ್ತು ಗಂಟೆಗೆ ಅವರು ಥಿಯೇಟರಿಗೆ ಬಂದು ಹಸಿರು ಪಟ್ಟಿಯ ಹಿಂದೆ ನಿಂತರು. ಅರಿವಳಿಕೆ ಡಾಕ್ಟರು ಮೇಷ್ಟ್ರ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು. ಸೊಂಟದ ಕೆಳಗೆ ಜುಮ್ಮೆಂದು ಮರಗಟ್ಟಿತ್ತು, ಮೇಲೆ ಪೂರ್ತಿ ಎಚ್ಚರ. ಮಲಗಿದಾಗ ಒಳಗೆ ಸರಿದುಹೋಗುವ ಸಣ್ಣ ಹರ್ನಿಯಾ, ಹೊರಗೆ ಏನೂ ಕಾಣುತ್ತಿರಲಿಲ್ಲ. ಔಷಧಿ ಹಚ್ಚಿ ಉಜ್ಜಿದಾಗ ಜೆಲ್ ಪೆನ್ನಿನ ಬಾಣ ಹತ್ತಿಯ ಜೊತೆ ಹೊರಟುಹೋಯಿತು. ಹನ್ನೊಂದು ದಿನದ ಅಭ್ಯಾಸದ ಕೈಗಳು ಹಸಿರು ಬಟ್ಟೆ ಹೊದಿಸಿ ಬಲಗಡೆ ಅಂಗೈಯಗಲ ಜಾಗ ಬಿಟ್ಟವು. ಡಾಕ್ಟರು ಬಲಕ್ಕೆ ಹೋಗಿ ನಿಂತರು. ನಿಂತ ಜಾಗ ಸರಿಯಾಗಿದೆಯೇ ಎಂದು ನೆಲದ ಗುರುತನ್ನೂ ನೋಡಿಕೊಂಡರು.

ಸಿಸ್ಟರ್ ಒಪ್ಪಿಗೆ ಪತ್ರ ಎತ್ತಿಕೊಂಡು ಹೆಸರು ಓದಿದರು. ಹೆಸರು ಹೊಸದಾದ್ದರಿಂದ ಅದನ್ನು ಓದಲೇಬೇಕಾಯಿತು, ಸರಿಯಾಗಿಯೇ ಓದಿದರು. ಆಮೇಲೆ ಕಣ್ಣು ಕಾಗದದಿಂದ ಎದ್ದು ಪರಿಶೀಲಕರ ಕಡೆ ಹೋಯಿತು, ಬಾಯಿ ತನ್ನ ಪಾಡಿಗೆ ‘ಹರ್ನಿಯಾ, ಬಲಗಡೆ’ ಎಂದಿತು. ಡಾಕ್ಟರು ಎದೆ ಸೆಟೆದು ‘ಬಲಗಡೆ, ಒಪ್ಪಿದೆ’ ಎಂದರು. ಅಷ್ಟು ಗಂಭೀರವಾದ ದನಿ ತಾಲೀಮಿನಲ್ಲೂ ಬಂದಿರಲಿಲ್ಲ. ಅರಿವಳಿಕೆ ಡಾಕ್ಟರು ಅಂದು ಕಣ್ಣನ್ನೂ ತೆರೆದಿಟ್ಟುಕೊಂಡೇ ‘ಬಲಗಡೆ, ಒಪ್ಪಿದೆ’ ಎಂದರು. ಪರಿಶೀಲಕರಿಗೆ ಗುಣಮಟ್ಟದ ಮೇಡಂ ಬಗ್ಗಿ ಬೆಂಕಿ ಆರಿಸುವ ಸಿಲಿಂಡರನ್ನು ತೋರಿಸುತ್ತಿದ್ದರು. ಅವರ ಗಮನ ಆ ಕಡೆಗಿತ್ತು.

ಆಗ ರೋಗಿಯ ಎದೆಯ ಮೇಲೆ ಅಡ್ಡ ಕಟ್ಟಿದ್ದ ಪರದೆಯ ಆಚೆಯಿಂದ ಮೇಷ್ಟ್ರು ಮೆಲ್ಲಗೆ ಹೇಳಿದರು. “ಡಾಕ್ಟ್ರೇ, ನಂದು ಎಡಗಡೆ.”

ಡಾಕ್ಟರಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಅದನ್ನು ಅವರೇ ಹೇಳುತ್ತಾರೆ, ಮುಚ್ಚಿಡುವುದಿಲ್ಲ. ಹನ್ನೊಂದು ದಿನದ ತಾಲೀಮಿನಲ್ಲಿ ದಿಂಬು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಇಷ್ಟು ಚೆಂದವಾಗಿ ಸಾಗುತ್ತಿರುವಾಗ ಇವರೇಕೆ ನಡುವೆ ಬಾಯಿ ಹಾಕಿದರು ಎನಿಸಿತು. ಮಾತಿನ ಅರ್ಥ ತಲೆಗೆ ಹೋಗುವ ಮುಂಚೆ ಉತ್ತರ ನಾಲಿಗೆಗೆ ಬಂದಿತ್ತು.

“ಸುಮ್ನೆ ಮಲಗಿ. ನಾವು ನೋಡ್ಕೋತೀವಿ.”

ಹೇಳಿ, ಎಂದಿನಂತೆ ಕೈ ಚಾಚಿದರು.

ಕೈಗೆ ಏನೂ ಬರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಕೈ ಖಾಲಿಯಾಗಿ ಗಾಳಿಯಲ್ಲಿ ನಿಂತಿತು. ಡಾಕ್ಟರು ಬೆರಳು ಅಲ್ಲಾಡಿಸಿದರು. ಸಿಸ್ಟರ್ ಬ್ಲೇಡನ್ನು ತಮ್ಮ ಎದೆಯ ಹತ್ತಿರ ಹಿಡಿದುಕೊಂಡು, ಟ್ರಾಲಿಯ ಅಂಚಿನಲ್ಲಿದ್ದ ಕಾಗದವನ್ನು ನೋಡುತ್ತಿದ್ದರು. ಮುಖವಾಡದ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು. ಅವರು ದನಿ ಎತ್ತದೆ ಹೇಳಿದರು.

“ಪೇಪರಲ್ಲೂ ಎಡಗಡೆ ಅಂತಾನೇ ಇದೆ ಸರ್. ನಾನು ಬ್ಲೇಡ್ ಕೊಡಲ್ಲ.”

ಡಾಕ್ಟರಿಗೆ ಬೆಳಿಗ್ಗೆ ತಾವೇ ಬರೆದ ಬಾಣ ಆಗ ನೆನಪಾಯಿತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಕಣ್ಣೆದುರಿಗಿದ್ದ ಬಲಗಡೆಯ ಚರ್ಮ ಯಾವ ತಪ್ಪೂ ಮಾಡದ ಚರ್ಮ. ಇನ್ನೊಂದು ಉಸಿರಿನಷ್ಟು ಹೊತ್ತು ಕಳೆದಿದ್ದರೆ ಅದನ್ನು ಕೊಯ್ದಿರುತ್ತಿದ್ದರು.

ಬಟ್ಟೆ ತೆಗೆಸಿ, ಎಲ್ಲವನ್ನೂ ಮೊದಲಿನಿಂದ ಎಡಗಡೆಗೆ ಮಾಡಿಸಿದರು. ಆ ಗಡಿಬಿಡಿಗೆ ಪರಿಶೀಲಕರು ಇತ್ತ ತಿರುಗಿ ಏನಾಯಿತೆಂದು ಕೇಳಿದರು. ಬಟ್ಟೆ ಸ್ವಲ್ಪ ಸರಿಯಾಗಿ ಕೂತಿರಲಿಲ್ಲ ಎಂದು ಅಧ್ಯಕ್ಷರು ತಿಪ್ಪೆ ಸಾರಿಸಿದರು. ಪರಿಶೀಲಕರು ‘ಹೂಂ’ ಎಂದರು. ಆಪರೇಷನ್ ನಲವತ್ತಾರು ನಿಮಿಷ ಹಿಡಿಯಿತು. ಹೊಸದಾಗಿ ಕೆಲಸಕ್ಕೆ ಸೇರಿದಾಗಲೂ ಅವರು ಹರ್ನಿಯಾಕ್ಕೆ ಅಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ.

ಮುಗಿದ ಮೇಲೆ ಬಟ್ಟೆ ಬದಲಿಸುವ ಕೋಣೆಯ ಹೊರಗಿನ ಬೆಂಚಿನ ಮೇಲೆ ಸಿಸ್ಟರ್ ಕೂತಿದ್ದರು. ಡಾಕ್ಟರು ಪಕ್ಕದಲ್ಲಿ ಕೂತರು. ಇಬ್ಬರೂ ಎದುರಿನ ಗೋಡೆಯನ್ನೇ ನೋಡಿದರು. ಅಲ್ಲಿ ಕೈ ತೊಳೆಯುವ ಕ್ರಮದ ಹೊಸ ಚಿತ್ರಪಟ ಇತ್ತು. ರೋಗಿಗೆ ಕೂದಲೂ ಕೊಂಕಿಲ್ಲ, ಹೊರಗಿನವರಿಗೆ ಗೊತ್ತಿಲ್ಲ, ಇಲ್ಲಿಗೇ ಬಿಟ್ಟುಬಿಡೋಣ ಸರ್ ಎಂದು ಸಿಸ್ಟರ್ ಹೇಳುತ್ತಾರೆಂದು ಡಾಕ್ಟರು ಕಾದರು. ಅವರೇ ಹೇಳಿದರೆ ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಂತೆ ಮಾಡಬಹುದಿತ್ತು.

“ನಾಲ್ಕು ಗಂಟೆಗೆ ಪುಸ್ತಕ ಕೇಳ್ತಾರೆ,” ಎಂದರು ಸಿಸ್ಟರ್. “ಪೇಪರ್ ಕೈಯಲ್ಲಿಟ್ಕೊಂಡು ಬಲಗಡೆ ಅಂದವಳು ನಾನು. ನನ್ನ ಪಾಲಿಂದು ನಾನು ಬರೀತೀನಿ ಸರ್. ನಿಮ್ಮದು ನೀವು ನೋಡ್ಕೊಳ್ಳಿ.”

ಎದ್ದು ಹೋದರು. ಡಾಕ್ಟರು ತಮ್ಮ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಬರೆದರೆ ಕಾಗದ ಹೋಯಿತು, ಸಹಿ ಹೋಯಿತು, ಹನ್ನೆರಡು ನಿಮಿಷವೂ ಹೋಯಿತು. ಮೂವತ್ತು ವರ್ಷ ಕೂಡಿಸಿದ ಹೆಸರಿನ ತುದಿಗೆ, ಎಡಕ್ಕೆ ಬದಲು ಬಲ ಕೊಯ್ಯಲು ಹೊರಟವನು ಎಂಬ ಮಾತು ಅಂಟಿಕೊಳ್ಳುತ್ತದೆ. ಬರೆಯದಿದ್ದರೆ ಸಿಸ್ಟರ್ ಒಬ್ಬರೇ ತಪ್ಪು ಒಪ್ಪಿಕೊಂಡಂತಾಗುತ್ತದೆ. ಏನೂ ತೋಚದೆ ಹೆಂಡತಿಗೆ ಫೋನ್ ಮಾಡಿದರು. ನಡೆದದ್ದನ್ನು ಹೇಳಲು ಬಾಯಿ ಬರಲಿಲ್ಲ. ಆ ನೂರ ನಲವತ್ತನಾಲ್ಕರ ಹುಡುಗಿಗೆ ಆಮೇಲೆ ಏನಾಯಿತು ಎಂದು ಕೇಳಿದರು. ಕೆಲಸದ ನಡುವೆ ಇದೇನು ಪ್ರಶ್ನೆ ಎಂದುಕೊಂಡೇ ಹೆಂಡತಿ ಹೇಳಿದರು.

“ಅವಳಿಗೆ ಏನೂ ಆಗ್ಲಿಲ್ಲ ರೀ. ಇನ್‌ಸ್ಪೆಕ್ಟರ್ ನಕ್ಕು ಹೋದ್ರು. ಅವರು ಹೋದ್ಮೇಲೆ ನಾನು ಆ ಮಗೂನ ಎಲ್ಲರ ಎದುರಿಗೆ ಬೈದೆ. ತಪ್ಪಾಗಿ ಹೇಳಿಕೊಟ್ಟಿದ್ದು ನಾನು, ಬೈಸ್ಕೊಂಡಿದ್ದು ಅವಳು. ಆಮೇಲೆ ಇಡೀ ವರ್ಷ ಅವಳು ಕ್ಲಾಸಲ್ಲಿ ಕೈ ಎತ್ತಲಿಲ್ಲ. ಅದು ಇವತ್ತಿಗೂ ಚುಚ್ಚುತ್ತೆ ನಂಗೆ.”

ಫೋನ್ ಇಟ್ಟು ಡಾಕ್ಟರು ಪುಸ್ತಕ ತೆರೆದರು. ಮೊದಲು ಒಂದು ಚೂರು ಕಾಗದದ ಮೇಲೆ ಬರೆದು ನೋಡಿದರು. ‘ಬಟ್ಟೆ ಹೊದಿಸುವಲ್ಲಿ ಅಲ್ಪ ವ್ಯತ್ಯಾಸ ಕಂಡುಬಂದಿತು’ ಎಂದು ಬಂತು. ವ್ಯತ್ಯಾಸ ಎಂಬಾಕೆ ಯಾರೋ ಮೂರನೆಯವಳು, ಥಿಯೇಟರಿಗೆ ತಾನಾಗಿಯೇ ನಡೆದು ಬಂದವಳಂತೆ ಕಂಡಳು. ಅದನ್ನು ಹರಿದು ‘ತಂಡದಲ್ಲಿ ಕ್ಷಣಕಾಲ ಗೊಂದಲ ಉಂಟಾಯಿತು’ ಎಂದು ಬರೆದರು. ಅದೂ ಬುಟ್ಟಿಗೆ ಹೋಯಿತು. ಸಾವಿರಾರು ಹೊಟ್ಟೆ ಕೊಯ್ದ ಕೈಗೆ ‘ನಾನು’ ಎಂಬ ಎರಡಕ್ಷರ ಬರೆಯಲು ಅರ್ಧ ಗಂಟೆ ಬೇಕಾಯಿತು. ಕೊನೆಗೆ ಪುಸ್ತಕದಲ್ಲಿ, ಒಂದೇ ಪೆನ್ನಿನಲ್ಲಿ ಹೀಗೆ ಬರೆದರು: ‘ನಾನು ಎಡಗಡೆ ಗುರುತು ಹಾಕಿದ್ದೆ. ಅಳಿಸಿಹೋಗುವ ಪೆನ್ನಿನಿಂದ ಹಾಕಿದ್ದೆ. ಬಲಗಡೆ ನಿಂತು ಬಲಗಡೆ ಎಂದು ಒಪ್ಪಿದೆ. ರೋಗಿ ನಂದು ಎಡಗಡೆ ಎಂದರು. ನಾನು ಸುಮ್ಮನೆ ಮಲಗಿ ಎಂದೆ. ಸಿಸ್ಟರ್ ಬ್ಲೇಡ್ ಕೊಡಲಿಲ್ಲ. ಏನೂ ಆಗದಿದ್ದುದಕ್ಕೆ ಕಾರಣ ಅವರೊಬ್ಬರೇ.’ ಆಮೇಲೆ ಮೇಲಿನ ಮೂರು ಘಟನೆಗಳಿಗೂ ಗೀಟು ಎಳೆದು, ‘ಇವು ನಾನು ಕಟ್ಟಿದ ಕಥೆಗಳು’ ಎಂದು ಬರೆದು ಸಹಿ ಹಾಕಿದರು. ಸಹಿ ಚಿಕ್ಕದಾಗಿಯೇ ಬಂತು.

ನಾಲ್ಕು ಗಂಟೆಗೆ ಪರಿಶೀಲಕರು ಆ ಪುಟವನ್ನು ಎರಡು ಸಲ ಓದಿದರು. ಗುಣಮಟ್ಟದ ಮೇಡಂ ಮುಖ ಬಿಳಿಚಿಕೊಂಡಿತ್ತು. ಪಾಪ, ಸಿಲಿಂಡರ್ ತೋರಿಸುತ್ತಿದ್ದ ಅವರಿಗೂ ಈಗಲೇ ಗೊತ್ತಾದದ್ದು.

“ಬಟ್ಟೆ ಸರಿ ಕೂತಿರ್ಲಿಲ್ಲ ಅಂದಿದ್ರಿ,” ಎಂದರು ಪರಿಶೀಲಕರು.

“ಸುಳ್ಳು ಹೇಳಿದ್ದೆ ಸರ್.”

“ಹೂಂ.”

ಎರಡು ವಾರಕ್ಕೆ ಪತ್ರ ಬಂತು. ಮಾನ್ಯತೆ ಸದ್ಯಕ್ಕಿಲ್ಲ, ಎಂಟು ತಿಂಗಳ ನಂತರ ಮತ್ತೆ ಬಂದು ನೋಡಲಾಗುವುದು ಎಂದಿತ್ತು. ಅಷ್ಟರಲ್ಲಿ ಅಧ್ಯಕ್ಷರು ನಿವೃತ್ತರಾಗಿರುತ್ತಾರೆ, ಆ ಎಡ ಮೂಲೆಯಲ್ಲಿ ಬೇರೆ ಯಾರದೋ ಸಹಿ ಬರುತ್ತದೆ. ಓದಿದಾಗ ಡಾಕ್ಟರಿಗೆ ನೋವಾದದ್ದು ನಿಜ. ಪತ್ರದ ಕೊನೆಗೆ, ಟೈಪಿಸಿದ್ದರ ಕೆಳಗೆ, ಕೈಬರಹದಲ್ಲಿ ಒಂದು ಸಾಲಿತ್ತು: ‘ಆ ಪುಸ್ತಕವನ್ನು ಹೀಗೆಯೇ ಮುಂದುವರಿಸಿ.’ ‘ಹೂಂ’ ಬಿಟ್ಟರೆ ಹೆಚ್ಚೇನೂ ಹೇಳದ ಮನುಷ್ಯನಿಂದ ಅದು ದೊಡ್ಡ ಭಾಷಣವೇ ಸರಿ.

ಆದರೆ ಇದಕ್ಕೆಲ್ಲ ಮುಂಚೆ, ಪುಸ್ತಕ ತೋರಿಸಿದ ಸಂಜೆಯೇ, ಡಾಕ್ಟರು ವಾರ್ಡಿಗೆ ಹೋಗಿದ್ದರು. ಡ್ರೈವಿಂಗ್ ಮೇಷ್ಟ್ರು ತಲೆಯಡಿಗೆ ದಿಂಬಿಟ್ಟು ಮಲಗಿದ್ದರು. ಅವರ ತಂಗಿ ಸ್ಟೂಲಿನ ಮೇಲೆ ಕೂತು ಹಣ್ಣು ಹೆಚ್ಚುತ್ತಿದ್ದರು. ಡಾಕ್ಟರು ನಿಂತೇ, ನಡೆದದ್ದನ್ನು ಮೊದಲಿನಿಂದ ಹೇಳಿದರು, ತಪ್ಪಾಯಿತು ಎಂದರು. ಎದುರಿಗಿದ್ದವರು ಕೂಗಾಡಿದ್ದರೆ ಅವರಿಗೆ ಹಗುರವಾಗುತ್ತಿತ್ತು. ಮೇಷ್ಟ್ರು ಮಾತ್ರ ಸಂಕೋಚಪಟ್ಟುಕೊಂಡು, ತಾವು ಎಚ್ಚರವಾಗಿಯೇ ಇದ್ದುದರಿಂದ ಎಲ್ಲ ಕೇಳಿಸುತ್ತಿತ್ತು ಎಂದರು.

“ಮತ್ತೆ ಇನ್ನೊಂದು ಸಲ ಯಾಕೆ ಹೇಳ್ಲಿಲ್ಲ ನೀವು?” ಎಂದು ಡಾಕ್ಟರು ಕೇಳಿದರು.

“ನೀವು ಸುಮ್ನೆ ಮಲಗಿ ಅಂದ್ರಲ್ಲ ಡಾಕ್ಟ್ರೇ. ದೊಡ್ಡೋರು, ಬಲಗಡೆನೂ ಏನೋ ಕಂಡಿರ್ಬೇಕು ಇವರಿಗೆ ಅಂದ್ಕೊಂಡೆ. ಸುಮ್ನಾದೆ.”

ಎಡ ಬಲ ಹೇಳುವುದನ್ನೇ ಕಸುಬು ಮಾಡಿಕೊಂಡ ಮನುಷ್ಯ, ತನ್ನ ಮೈಯ ಎಡ ಬಲವನ್ನು ಇವರ ಒಂದು ಮಾತಿಗೆ ಬಿಟ್ಟುಕೊಟ್ಟಿದ್ದ. ಡಾಕ್ಟರು ಮಂಚದ ಅಂಚಿನಲ್ಲಿ ಕೂತುಬಿಟ್ಟರು. ಮೇಷ್ಟ್ರೇ ಸಮಾಧಾನ ಮಾಡುವ ಹಾಗೆ, ಕಲಿಸುವ ಕಾರಿನಲ್ಲಿ ತಮ್ಮ ಕಾಲ ಹತ್ತಿರವೂ ಒಂದು ಬ್ರೇಕ್ ಇರುತ್ತದೆ, ಕಲಿಯುವವರು ಎಷ್ಟೇ ಜೋರಾಗಿ ಹೋದರೂ ತಾವು ತುಳಿದರೆ ಗಾಡಿ ನಿಲ್ಲುತ್ತದೆ, ಇಲ್ಲೂ ಆ ಸಿಸ್ಟರಮ್ಮನ ಹತ್ತಿರ ಒಂದಿತ್ತಲ್ಲ, ಬಿಡಿ ಎಂದರು. ತಂಗಿ ಹಣ್ಣಿನ ಹೋಳು ಕೊಟ್ಟರು. ಡಾಕ್ಟರು ತಿಂದರು, ರುಚಿ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಸುದ್ದಿ ಹರಡಲು ಒಂದು ದಿನವೂ ಹಿಡಿಯಲಿಲ್ಲ. ಬೆನ್ನ ಹಿಂದಿನ ಹೆಸರು ಬದಲಾಗಿ ‘ಬಲಗಡೆ’ ಎಂದಾಯಿತು. ಈ ಸಲ ಅವರು ಗೊತ್ತಿಲ್ಲದಂತೆ ನಟಿಸಲಿಲ್ಲ. ಕ್ಯಾಂಟೀನಿನಲ್ಲಿ ಚಹಾವೋ ಕಾಫಿಯೋ ಎಂದರೆ ತಾವೇ ‘ಬಲಗಡೆ’ ಎಂದು ಎಲ್ಲರನ್ನೂ ನಗಿಸುತ್ತಿದ್ದರು. ಸೋಮವಾರದ ಸಹಿಗಳು ನಿಂತವು. ಪುಸ್ತಕ ತುಂಬತೊಡಗಿತು, ಮೊದಮೊದಲು ಸಿಸ್ಟರ್‌ಗಳಿಂದ, ಆಮೇಲೆ ಈಗ ಕಣ್ಣು ಮುಚ್ಚದ ಅರಿವಳಿಕೆ ಡಾಕ್ಟರಿಂದಲೂ.

ನಿವೃತ್ತಿಗೆ ಮುಂಚಿನ ವಾರ ಒಬ್ಬ ಅಜ್ಜಿ ತೊಡೆಯ ಮೇಲಿನ ಗಡ್ಡೆ ತೆಗೆಸಿಕೊಳ್ಳಲು ಬಂದಿದ್ದರು. ಗಡ್ಡೆ ದೊಡ್ಡ ನಿಂಬೆಹಣ್ಣಿನಷ್ಟಿತ್ತು, ಥಿಯೇಟರಿನ ಬಾಗಿಲಿನಿಂದಲೇ ಕಾಣುತ್ತಿತ್ತು. ಮಾರ್ಕರ್ ಪೆನ್ನಿನ ಬಾಣವೂ ಎದ್ದು ಕಾಣುತ್ತಿತ್ತು. ಸಿಸ್ಟರ್ ಕಾಗದ ನೋಡಿಕೊಂಡೇ ಓದಿದರು, ಎಲ್ಲರೂ ನೋಡಿಯೇ ಒಪ್ಪಿದರು. ಡಾಕ್ಟರು ಕೈ ಚಾಚಲಿಲ್ಲ. ಪರದೆ ಸರಿಸಿ ಅಜ್ಜಿಯ ಮುಖದ ಹತ್ತಿರ ಬಗ್ಗಿ, ಯಾವ ಕಾಲು ಎಂದು ಕೇಳಿದರು.

ಅಜ್ಜಿ ಅವರನ್ನು ಮೇಲಿನಿಂದ ಕೆಳಗೆ ನೋಡಿದರು. “ಇಷ್ಟು ದಪ್ಪ ಇದೆಯಲ್ಲಪ್ಪ, ಕಣ್ಣಿಗೆ ಕಾಣಲ್ವಾ ನಿಂಗೆ?”

ಸ್ಟೂಲಿನ ಕಡೆಯಿಂದ ನಗು ಬಂತು. ಡಾಕ್ಟರೂ ಮುಖವಾಡದೊಳಗೆ ನಕ್ಕರು, ಆದರೆ ಬಗ್ಗಿದವರು ಏಳಲಿಲ್ಲ.

“ಕೆಲವು ಸಲ ಕಾಣಲ್ಲ ಅಜ್ಜಿ. ನೀವೇ ಹೇಳಿ, ಕೇಳ್ತೀನಿ.”

ಅಜ್ಜಿ ಹೇಳಿದರು. ಆಮೇಲೆ ಸಿಸ್ಟರ್ ಬ್ಲೇಡ್ ಕೊಟ್ಟರು.